ಹತ್ತನೇ ನಂಬರ್ ಪಾನಾ

ಬ್ಯಾಲರಾಟಿನ ಸ್ಟರ್ಟ್ ಸ್ಟ್ರೀಟಿನಲ್ಲಿ
ಕೆಂಪು ದೀಪಕ್ಕೆ ನಿಂತಾಗಲೆಲ್ಲ ಸೀದ ಎಣ್ಣೆಯ ವಾಸನೆ.
ಬಾನೆಟ್ಟಿನ ಕೆಳಗೆ ಯಾರೋ
ಒಗ್ಗರಣೆಗೆ ಇಟ್ಟು ಮರೆತ ಹಾಗೆ.

ಎರಡು ಸಾವಿರದ ಮೂರರ ಫಾರೆಸ್ಟರ್.
ಓಡಿದ್ದು ಮೂರು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರು,
ಅದರಲ್ಲಿ ನನ್ನ ಪಾಲು ನಲವತ್ತು,
ಮಿಕ್ಕಿದ್ದೆಲ್ಲ ಟ್ರೆಗಿಯರ್ ದಂಪತಿಯದು.
ಕಣ್ಣು ಮಂಜಾಗಿ ನೊರೀನ್ ಲೈಸೆನ್ಸ್ ಒಪ್ಪಿಸಿದ ವಾರ
ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೋದ ನನಗೆ
ಸುಮ್ಮನೆ ಬೀಗದಕೈ ಚಾಚಿದಳು.
ನಮ್ಮ ಮ್ಯಾನೇಜರು ಬಿಟ್ಟಾಳೆ?
ಮೂರು ಫಾರಂ ತುಂಬಿಸಿ, ಪೇಟೆಯ ದರ ಕಟ್ಟಿಸಿದಳು.

ಆಫೀಸಿನ ಹುಡುಗ ಕೈಲನ್‌ಗೆ ನನ್ನ ಗಾಡಿ ಕಂಡರೆ ಕೈ ಕಡಿತ:
ಸ್ನಾರ್ಕೆಲ್ ಹಾಕು, ಬುಲ್ ಬಾರ್ ಹಾಕು, ನಾಲ್ಕಂಗುಲ ಎತ್ತು.
ಅಯ್ಯಾ, ನಾನು ಹೊಳೆ ದಾಟುವವಳಲ್ಲ,
ಕ್ಲೂನ್ಸ್‌ ಆಚೆಗೆ, ಕುರಿ ಮೇಯುವ ಬಯಲಿಗೆ
ಇನ್ಸುಲಿನ್ ಒಯ್ಯುವವಳು.
ಆದರೂ ಆಸೆ ಬಿಟ್ಟೀತೆ?
ಸ್ಪ್ರಿಂಗ್ ಬದಲಿಸುವಾಗ ಒಂದಂಗುಲ ಏರಿಸಿದೆ,
ಜಲ್ಲಿ ರಸ್ತೆಗೆಂದು ದಪ್ಪ ಹಲ್ಲಿನ ಟೈರು,
ಡಿಕ್ಕಿಯೊಳಗೆ ಗೇಣುದ್ದ ಎಲ್‌ಇಡಿ ಪಟ್ಟಿ.
ರಾತ್ರಿ ಬ್ಯಾಂಡೇಜು ಹುಡುಕಲು
ಟಾರ್ಚು ಹಲ್ಲಲ್ಲಿ ಕಚ್ಚುವುದು ತಪ್ಪಿತು.
ಅಷ್ಟೇ ಸಿಂಗಾರ. ಮುದುಕಿಗೆ ಮೂಗುಬೊಟ್ಟು ಸಾಕು.

ಗ್ಲವ್ ಬಾಕ್ಸಿನಲ್ಲಿ ಡೆಸ್ ಬರೆದಿಟ್ಟ ಪುಸ್ತಕ.
ಉಳಿಯಲ್ಲಿ ಕೆತ್ತಿದಂಥ ಅಕ್ಷರ.
ಆಯಿಲ್. ಫಿಲ್ಟರ್.
ಟೈಮಿಂಗ್ ಬೆಲ್ಟ್, ಹಗಲುದರೋಡೆ.
ಆಯಿಲ್. ಕಾಂಗರೂ, ಎಡ ದೀಪ.
ಜುಲೈ ೨೦೦೯: ಹತ್ತನೇ ನಂಬರ್ ಮತ್ತೆ ಕಾಣುತ್ತಿಲ್ಲ. ನೊ. ಮುಟ್ಟಿರಬೇಕು.
ಅವನು ಹೋದ ಮೇಲೆ ಐದು ವರ್ಷ ಹಾಳೆ ಖಾಲಿ,
ಆಮೇಲೆ ನನ್ನ ಕನ್ನಡ ಅಂಕಿಗಳು.

ವಾಲ್ವ್ ಕವರಿನ ಗ್ಯಾಸ್ಕೆಟ್ ಹೋಗಿದೆ, ಎಂದ ಮೆಕ್ಯಾನಿಕ್ ಕ್ವಾಚ್.
ಗ್ಯಾಸ್ಕೆಟ್ ಅಂದರೇನು ಗೊತ್ತೇ ಎಂದು
ಮೊಬೈಲಿನಲ್ಲಿ ಚಿತ್ರ ಹುಡುಕತೊಡಗಿದ.
ನನಗೇ ಹೇಳುತ್ತೀಯಾ!
ಹರಿಹರದ ಅಡುಗೆಮನೆಯ ಮೊಳೆಗೆ
ಸದಾ ನೇತಾಡುತ್ತಿತ್ತು ಕುಕ್ಕರಿನದು.
ಕೂಗು ಬರದಿದ್ದರೆ ಅಮ್ಮ ಅದನ್ನು ತಣ್ಣೀರಿಗೆ ಅದ್ದಿ
ಅದಕ್ಕೇ ಬೈಯುತ್ತಿದ್ದಳು,
ಬೇಳೆಗಾಗಲಿ ಕುಕ್ಕರಿಗಾಗಲಿ ಒಂದು ಮಾತಿಲ್ಲ.
ಕೂಲಿ ಎಷ್ಟೆಂದು ಕೇಳಿದೆ.
ನಾನೇ ಮಾಡಿಕೊಳ್ಳುತ್ತೇನೆ ಅಂದೆ.

ಭಾನುವಾರ. ಹುಲ್ಲಿನ ಮೇಲೆ ಇಬ್ಬನಿ ಗಾಜಾಗಿತ್ತು.
ಫ್ರಿಜ್ ಬಂದಿದ್ದ ರಟ್ಟು ಹಾಸಿ ಅಂಗಾತ ಮಲಗಿದೆ.
ಈ ಎಂಜಿನ್ನಿಗೆ ತಲೆ ಮೇಲಿಲ್ಲ, ಎರಡು ಪಕ್ಕೆಗಳಲ್ಲಿದೆ;
ಕೈ ತೂರಿದರೆ ಬೆರಳು ಮಡಚಲಾಗದು.
ಒಂದು ಬೋಲ್ಟು ಬಿಡಲೊಲ್ಲದು,
ಮಿಸ್ಟರ್ ಪಾಸ್ಕೋನ ಮೊಣಕಾಲಿನಂತೆ, ಬಲ ಹಾಕಿದಷ್ಟೂ ಹಟ.
ಎಣ್ಣೆ ಬಿಟ್ಟು ಚಹಾ ಕುಡಿದೆ.
ಮತ್ತೆ ಎಣ್ಣೆ. ಮತ್ತೆ ಚಹಾ.

ಅಡ್ಡತೊಲೆಯ ಟೊಳ್ಳಿನಲ್ಲಿ
ಒಣ ಎಲೆ, ಮ್ಯಾಗ್‌ಪೈ ಗರಿ, ಕಲ್ಲಾದ ಕೆಸರು.
ಕಡ್ಡಿಯಲ್ಲಿ ಕೆದಕಿದೆ;
ಠಣ್ಣೆಂದು ಕಿವಿಯ ಪಕ್ಕ ಬಿತ್ತು
ಹತ್ತನೇ ನಂಬರ್ ಪಾನಾ.
ಮೈಯೆಲ್ಲ ತುಕ್ಕು. ಹಿಡಿಯಲ್ಲಿ ಕೊರೆದ ಡಿ. ಟಿ. ಮಾತ್ರ ಹಾಗೇ ಇತ್ತು.
ತಿಕ್ಕಿ, ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ
ಕೊನೆಯ ಬೋಲ್ಟುಗಳನ್ನು ಅದರಲ್ಲೇ ಬಿಗಿದೆ.

ಗುರುವಾರ ಪಟ್ಟಿ ಬದಲಿಸಿ ಅವಳ ಅಂಗೈಗೆ ಇಟ್ಟೆ.
ಎರಡೂ ತುದಿ ಸವರಿದಳು. ಮೂಸಿದಳು.
ಕೊರೆದ ಅಕ್ಷರದ ಮೇಲೆ ಉಗುರು ನಿಂತಿತು.
ನಾನು ಟಿಶ್ಯೂ ಹಿಡಿದು ತಯಾರಾಗಿದ್ದೆ.
"ಹಾಳಾದವನು," ಎಂದಳು ನೊರೀನ್,
"ಮೂರು ದಿನ ಮಾತು ಬಿಟ್ಟಿದ್ದ, ನಾನೇ ಕಳೆದೆನೆಂದು."
ಪಾನಾ ವಾಪಸು ಕೊಡಲಿಲ್ಲ.
ಕುರ್ಚಿಯ ಕೈಗೆ ಟಕ್ ಟಕ್ ಬಡಿಯುತ್ತ ಕೂತಳು,
ಕೇಸು ಗೆದ್ದವಳ ಹಾಗೆ.

ಕೆಂಪು ದೀಪದಲ್ಲಿ ಈಗ ವಾಸನೆ ಇಲ್ಲ.
ಎಡ ಚಕ್ರದಲ್ಲಿ ಏನೋ ಕಿರ್ ಅನ್ನುತ್ತಿದೆ, ತಿರುವಿನಲ್ಲಿ ಮಾತ್ರ;
ಅದು ಮುಂದಿನ ಭಾನುವಾರಕ್ಕೆ.
ಪುಸ್ತಕ ತೆಗೆದು ಬರೆದೆ:
೩,೧೧,೬೪೦. ಗ್ಯಾಸ್ಕೆಟ್, ಎರಡೂ ಕಡೆ.
ಹತ್ತನೇ ನಂಬರ್ ಸಿಕ್ಕಿತು.
ನೊ. ಮುಟ್ಟಿರಲಿಲ್ಲ.